ಹುಳದ ಮನೆಯ ಹೊಸಿಲು

“ಅಲ್ಲೇ ನಿಂತ್ಕೊಳಿ ಮೇಡಂ, ಒಳಗೆ ಬರಬೇಡಿ.”

ರಾಧಾಮಣಿ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು. ಬಾಗಿಲಲ್ಲಿ ನಿಂತಿದ್ದವನಿಗೆ ಮೂವತ್ತೈದರ ಆಸುಪಾಸು. ಮಂಡಿಯವರೆಗೆ ಮಡಚಿದ ಪ್ಯಾಂಟು, ಕೂದಲಲ್ಲಿ ಸಿಕ್ಕಿಕೊಂಡ ಸೊಪ್ಪಿನ ಚೂರು, ಎಡಗೈಯಲ್ಲಿ ಒಂದು ತಗಡಿನ ಡಬ್ಬಿ. ಅವನು ಡಬ್ಬಿಯಿಂದ ಒಂದು ಹಿಡಿ ಬಿಳಿ ಪುಡಿ ತೆಗೆದು ಹೊಸಿಲಿನ ಈಚೆಗೆ, ಅವಳ ಪಾದಕ್ಕೂ ತನ್ನ ಪಾದಕ್ಕೂ ನಡುವೆ, ಗೆರೆ ಎಳೆದಂತೆ ಉದುರಿಸಿದ. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು.

“ಆ ಪೇಪರ್ ಕಟ್ಟೆ ಮೇಲೆ, ಬಿಸಿಲಿಗೆ ಇಡಿ. ಆಮೇಲೆ ತಗೊಳ್ತೀನಿ.”

ಅವಳು ಗೆರೆಯನ್ನು ನೋಡಿದಳು, ಅವನ ಮುಖ ನೋಡಿದಳು. ಮುಖದಲ್ಲಿ ಭಯವಾಗಲಿ ಅಸಹ್ಯವಾಗಲಿ ಇರಲಿಲ್ಲ. ಅದೇ ಅವಳನ್ನು ಹೆಚ್ಚು ನೋಯಿಸಿತು. ಇಷ್ಟು ಸಹಜವಾಗಿ ಯಾರೂ ಅವಳನ್ನು ದೂರ ನಿಲ್ಲಿಸಿರಲಿಲ್ಲ.

ಅಂದು ಬೆಳಿಗ್ಗೆ ಏಳು ಗಂಟೆಗೆ, ಎರ್ರಕುಂಟಪಲ್ಲಿಯ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ ನಲವತ್ತು ಜನರೆದುರು ಅವಳು ಹೇಳಿದ್ದಳು: “ನನಗೂ ಹೆಚ್‌ಐವಿ ಇದೆ. ಎಂಟು ವರ್ಷದಿಂದ ದಿನಕ್ಕೊಂದು ಮಾತ್ರೆ ತಗೊಳ್ತಿದ್ದೀನಿ. ನಿಮ್ಮ ಹಾಗೇ ಇದ್ದೀನಿ, ನಿಮ್ಮ ಹಾಗೇ ದುಡೀತೀನಿ.” ಅದನ್ನು ಹೇಳಲೇಬೇಕೆಂದು ಯಾವ ನಿಯಮವೂ ಇರಲಿಲ್ಲ. ಹಳ್ಳಿ ಹಳ್ಳಿ ತಿರುಗಿ ಹೆಚ್‌ಐವಿ ಬಗ್ಗೆ ತಿಳಿಸುವುದು, ಪರೀಕ್ಷೆ ಬೇಕೆಂದವರನ್ನು ಆಸ್ಪತ್ರೆಗೆ ಸೇರಿಸುವುದು ಅವಳ ಕೆಲಸ. ಆ ಹುದ್ದೆಗೆ ಲಿಂಕ್ ವರ್ಕರ್ ಎನ್ನುತ್ತಾರೆ. ತನ್ನ ವಿಷಯ ಹೇಳುವುದು, ಬಿಡುವುದು ಅವಳಿಗೆ ಸೇರಿದ್ದು. ಹೇಳಿದರೆ ಜನ ಕೇಳುತ್ತಾರೆ ಎಂದು ಅನುಭವದಿಂದ ಗೊತ್ತಿತ್ತು, ಹೇಳುತ್ತಿದ್ದಳು.

ಈಗ ಹತ್ತೂಕಾಲು. ನೂರ ಹತ್ತು ಮನೆಗಳ ಊರಲ್ಲಿ ಒಂದು ಸುದ್ದಿ ಮುಟ್ಟಲು ಮೂರು ಗಂಟೆ ಧಾರಾಳವಾಯಿತು.

“ಹೊಸಿಲಲ್ಲಿ ನಿಂತ್ರೆ ಹೆಚ್‌ಐವಿ ಅಂಟಲ್ಲ ಸ್ವಾಮಿ,” ಎಂದಳು, ದನಿ ಏರಿಸದೆ. “ಪೌಡರ್ ದಂಡ ಮಾಡ್ಬೇಡಿ.”

“ಏನಂದ್ರಿ?”

“ಏನಿಲ್ಲ.”

ಕರಪತ್ರವನ್ನು ಕಟ್ಟೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲಿಟ್ಟು ಹೊರಟಳು. ಎಷ್ಟು ಕೋಪ ಬಂದರೂ ಕಾಗದ ಹಾರಿಹೋಗಬಾರದು, ಅದು ಅವಳ ಅಭ್ಯಾಸ.

*

ಆಶಾ ಕಾರ್ಯಕರ್ತೆ ಆಂಜಿನಮ್ಮ ಕಥೆ ಕೇಳಿ ಅಂಗನವಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಯ್ಯೋ ಹುಚ್ಚಿ, ಅದು ಹುಳದ ಮನೆ ಕಣೇ. ಒಳಗೆ ರೇಷ್ಮೆ ಹುಳ ಮೇಯ್ತಾ ಅವೆ. ಹೊರಗಿನೋರ ಕಾಲಲ್ಲಿ ಅವಕ್ಕೆ ರೋಗ ಬರುತ್ತೆ. ಅದಕ್ಕೆ ಪುಡಿ.”

“ಎಲ್ಲರಿಗೂ ಹಾಕ್ತಾರಾ?”

“ಪಂಚಾಯ್ತಿ ಅಧ್ಯಕ್ಷರು ಓಟು ಕೇಳೋಕೆ ಬಂದಾಗ ಅವರನ್ನೂ ಅಲ್ಲೇ ನಿಲ್ಲಿಸಿದ್ದ. ಅವನ ಸ್ವಂತ ಅಮ್ಮ ವರಲಕ್ಷ್ಮಮ್ಮನೇ ಡೈರಿಯಿಂದ ಬಂದು ಸೀರೆ ಬದಲಾಯಿಸಿ ಒಳಗೆ ಹೋಗ್ಬೇಕು. ಆ ಜಗನ್ ಅಷ್ಟು ಕಟ್ಟುನಿಟ್ಟು. ಅದಕ್ಕೆ ಇನ್ನೂ ಮದುವೆ ಇಲ್ಲ ಅಂತ ನಾವು ಆಡ್ಕೊಳ್ತೀವಿ. ಹೆಣ್ಣಿನೋರು ಬಂದ್ರೂ ಪುಡಿ ಹಾಕಿರ್ತಾನೆ.”

ರಾಧಾಮಣಿಯ ಕಿವಿ ಬಿಸಿಯಾಯಿತು. ಅವಳು ಹುಟ್ಟಿ ಬೆಳೆದದ್ದು ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲಿ. ಅವಳ ಮನೆಯವರದು ಮುಸುಕಿನ ಜೋಳದ ಹೊಲ. ಶಿಡ್ಲಘಟ್ಟಕ್ಕೆ ಕೆಲಸದ ಮೇಲೆ ಬಂದು ಎರಡು ತಿಂಗಳಾಗಿತ್ತು, ಹುಳದ ಮನೆಯೊಳಗೆ ಇನ್ನೂ ಕಾಲಿಟ್ಟಿರಲಿಲ್ಲ. ಜನರ ತಪ್ಪು ತಿಳಿವಳಿಕೆ ತಿದ್ದುವುದಕ್ಕೆ ಸಂಬಳ ಪಡೆಯುವವಳು ತಾನೇ ತಪ್ಪು ತಿಳಿದು ಒಬ್ಬನ ಮುಖಕ್ಕೆ ಮಾತು ಎಸೆದು ಬಂದಿದ್ದಳು.

ಮುಂದಿನ ಗುರುವಾರ ಅವನ ಬಾಗಿಲಿಗೆ ಹತ್ತು ಅಡಿ ದೂರದಲ್ಲೇ ನಿಂತು ಕರೆದಳು. “ಜಗನ್ ಅವರೇ, ಒಂದು ನಿಮಿಷ.”

ಅವನು ಡಬ್ಬಿ ಹಿಡಿದೇ ಹೊರಗೆ ಬಂದ. ಅವಳನ್ನೂ, ಅವಳು ನಿಂತ ದೂರವನ್ನೂ ನೋಡಿದ. “ಅಷ್ಟು ದೂರ ಬೇಡ. ಹುಳ ಓಡಿಬಂದು ಕಚ್ಚಲ್ಲ.”

“ಅವತ್ತು ನಾನು ತಪ್ಪು ತಿಳ್ಕೊಂಡೆ. ಸಾರಿ. ಬೆಳಿಗ್ಗೆ ಡೈರಿ ಹತ್ರ ನಾನು ಹೇಳಿದ್ದು ನಿಮಗೆ ಗೊತ್ತಾಗಿರುತ್ತೆ, ಅದಕ್ಕೇ ಪುಡಿ ಹಾಕಿದ್ರಿ ಅಂದ್ಕೊಂಡೆ.”

“ಡೈರಿ ಹತ್ರ ಏನು ಹೇಳಿದ್ರಿ?”

ಅವಳು ತಡವರಿಸಿದಳು. ಅವನಿಗೆ ಗೊತ್ತೇ ಇರಲಿಲ್ಲ. ನಲವತ್ತು ಜನರಿಗೆ ಹೇಳುವಾಗ ಅವಳ ದನಿ ಒಂದು ಕೂದಲೆಳೆಯಷ್ಟೂ ನಡುಗಿರಲಿಲ್ಲ. ಕೂದಲಲ್ಲಿ ಸೊಪ್ಪಿನ ಚೂರು ಸಿಕ್ಕಿಸಿಕೊಂಡು ನಿಂತ ಒಬ್ಬನಿಗೆ ಹೇಳುವಾಗ ಯಾಕೆ ಮಾತು ಹುಡುಕಬೇಕಾಯಿತೋ ತಿಳಿಯಲಿಲ್ಲ.

“ನನಗೆ ಹೆಚ್‌ಐವಿ ಇದೆ ಅಂತ.”

ಅವನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಹೇಳಿದ: “ಹಂಗಾದ್ರೆ ನಿಮಗೆ ಕೋಪ ಬಂದಿದ್ದು ನ್ಯಾಯಾನೇ. ನಾನಾಗಿದ್ರೆ ಕಾಗದದ ಮೇಲೆ ಕಲ್ಲಿಡ್ತಿರಲಿಲ್ಲ. ಕಲ್ಲು ಎಸೀತಿದ್ದೆ.”

ಅವಳಿಗೆ ನಗು ಬಂತು, ತಡೆದುಕೊಂಡಳು.

“ಆದ್ರೆ ಒಂದು ಮಾತು ಮೇಡಂ. ನಾನು ನೋಡಿದ್ದು ನಿಮ್ಮನ್ನಲ್ಲ, ನಿಮ್ಮ ಚಪ್ಪಲೀನ.”

“ನನ್ನ ಚಪ್ಪಲಿಗೆ ಏನಾಗಿದೆ?”

“ಐದು ಊರಿನ ಮಣ್ಣಿದೆ. ಐದೂರಲ್ಲೂ ಹುಳ ಸಾಕ್ತಾರೆ.” ಅವನು ಡಬ್ಬಿ ಮುಚ್ಚಿದ. “ನಿಮ್ಮನ್ನ ನೋಡಿದ್ದು ಇವತ್ತೇ.”

*

ಎರ್ರಕುಂಟಪಲ್ಲಿಗೆ ಗುರುವಾರದ ಸರದಿ ಇತ್ತು. ಅವಳು ಬೆಳಿಗ್ಗೆ ಡೈರಿ ಹತ್ತಿರ ಮಾತಾಡಿ, ಮನೆಗಳಿಗೆ ಹೋಗಿ, ಸಂಜೆ ನಾಲ್ಕು ಹತ್ತರ ಬಸ್ಸಿಗೆ ಹಿಂದಿರುಗುತ್ತಿದ್ದಳು. ಜೂನ್ ಕಳೆಯಿತು, ಜುಲೈ ಕಳೆಯಿತು. ಜನ ಕೂತು ಕೇಳುತ್ತಿದ್ದರು, ಪ್ರಶ್ನೆ ಹಾಕುತ್ತಿದ್ದರು, ಕಾಫಿ ಕೊಡುತ್ತಿದ್ದರು. ಪರೀಕ್ಷೆಗೆ ಮಾತ್ರ ಒಬ್ಬರೂ ಬರುತ್ತಿರಲಿಲ್ಲ.

“ಯಾಕೆ ಬರಲ್ಲ ಗೊತ್ತಾ?” ಎಂದ ಜಗನ್ ಒಂದು ಗುರುವಾರ. ಅಷ್ಟು ಹೊತ್ತಿಗೆ, ಬಸ್ಸು ಬರುವ ಸಮಯಕ್ಕೆ ಸರಿಯಾಗಿ ಅವನಿಗೆ ರಸ್ತೆ ಬದಿಯ ಹಿಪ್ಪುನೇರಳೆ ಸೊಪ್ಪಿನ ತೋಟದಲ್ಲಿ ಕೆಲಸ ಹುಟ್ಟಿಕೊಳ್ಳುತ್ತಿತ್ತು. “ಮೊದಲು ಹೋದೋನ ಮೇಲೆ ಊರ ಕಣ್ಣು. ಇವನಿಗ್ಯಾಕೆ ಬೇಕಾಯ್ತು ಅಂತಾರೆ. ಡೈರೀಲಿ ನೋಡಿ, ದಿನಾ ಎರಡು ಹೊತ್ತು ಹಾಲು ಟೆಸ್ಟ್ ಮಾಡ್ತಾರೆ. ಯಾರಿಗಾದ್ರೂ ಅವಮಾನ ಆಗುತ್ತಾ? ಎಲ್ಲರ ಹಾಲೂ ಟೆಸ್ಟ್ ಆಗುತ್ತೆ, ಅದಕ್ಕೆ.”

“ಡೈರೀಲಿ ಫ್ಯಾಟ್ ಎಷ್ಟು ಅಂತ ಕೂಗಿ ಹೇಳ್ತಾರೆ ಜಗನ್ ಅವರೇ. ಇಲ್ಲಿ ಕೂಗೋ ಹಾಗಿಲ್ಲ. ಬೇಡ ಅಂದೋರಿಗೆ ಮಾಡೋ ಹಾಗೂ ಇಲ್ಲ.”

“ಅದನ್ನ ಬಿಡಿ. ಊರೆಲ್ಲ ಒಂದೇ ದಿನ ಬರೋ ಹಾಗೆ ಮಾಡಣ. ಒಬ್ಬೊಬ್ಬರೇ ಒಳಗೆ ಹೋಗಿ ಮಾತಾಡೋಕೆ ಕೋಣೆ ಬೇಕು, ಇನ್ನೊಂದು ಕಡೆಯಿಂದ ಹೊರಗೆ ಹೋಗೋಕೆ ಬಾಗಿಲು ಬೇಕು. ಅಷ್ಟೇ ತಾನೇ?”

“ಅಂಥ ಜಾಗ ಈ ಊರಲ್ಲಿ ಎಲ್ಲಿದೆ?”

ಅವನು ಕುಡುಗೋಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. “ನಮ್ಮ ಹುಳದ ಮನೆ. ಈ ಬೆಳೆ ಗೂಡು ಮಾರ್ಕೆಟ್ಟಿಗೆ ಹೋದ್ಮೇಲೆ ಹದಿನೈದು ದಿನ ಖಾಲಿ ಇರುತ್ತೆ.”

ಬಸ್ಸಿನ ಹಾರನ್ ಕೇಳಿಸಿತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಹೆತ್ತ ತಾಯಿಯನ್ನೇ ಸೀರೆ ಬದಲಾಯಿಸದೆ ಒಳಗೆ ಬಿಡದವನು ಇಡೀ ಊರನ್ನು ಅಲ್ಲಿಗೆ ಕರೆಯುತ್ತಿದ್ದ.

“ನಿಮ್ಮ ಅಮ್ಮ ಒಪ್ತಾರಾ?”

“ಅದೊಂದು ನನಗೂ ಗೊತ್ತಿಲ್ಲ,” ಎಂದ ಜಗನ್.

ವರಲಕ್ಷ್ಮಮ್ಮ ಎರಡು ದಿನ ಯೋಚಿಸಿದರು. ಪಕ್ಕದ ಮನೆಯ ಎರ್ರಪ್ಪ ಜಗಲಿಗೆ ಬಂದು, ದಪ್ಪ ಮೀಸೆ ತೀಡುತ್ತ ಹೇಳಿ ಹೋದ: “ಊರೋರ ರಕ್ತ ತೆಗೆದ ಮನೇಲಿ ಹುಳ ಮೇಯ್ತಾವಾ ಅಕ್ಕಾ? ಮುಂದಿನ ಬೆಳೆ ಕೈಗೆ ಬಂದ್ರೆ ಈ ಮೀಸೆ ಬೋಳಿಸ್ತೀನಿ.” ವರಲಕ್ಷ್ಮಮ್ಮನಿಗೆ ಆ ಮಾತು ಒಳಗೆ ಕೊರೆಯುತ್ತಲೇ ಇತ್ತು. ಆದರೂ ಮೂರನೇ ದಿನ ಮಗನಿಗೆ ಹೇಳಿದರು: “ಆಯ್ತು, ಮಾಡ್ಸು. ಆದ್ರೆ ನಮ್ಮನೆ ಜಾಗ ಅಂದ್ಮೇಲೆ ನಾನೇ ಮೊದಲು.”

*

ಆಗಸ್ಟ್ ಕೊನೆಯ ಭಾನುವಾರ ಹುಳದ ಮನೆಯಲ್ಲಿ ಎರಡು ಮೇಜು, ಆರು ಕುರ್ಚಿ. ಲ್ಯಾಬ್ ಟೆಕ್ನಿಷಿಯನ್ ಸುನೀಲ್‌ಕುಮಾರ್ ಕಿಟ್ಟುಗಳನ್ನು ಜೋಡಿಸುತ್ತಿದ್ದಾಗ ವರಲಕ್ಷ್ಮಮ್ಮ ಒಗೆದ ಸೀರೆ ಉಟ್ಟು ಬಂದು, ಮೊದಲ ಕುರ್ಚಿಯಲ್ಲಿ ಕೂತು ಬೆರಳು ಚಾಚಿದರು.

“ಅರವತ್ತೆರಡು ನಂಗೆ. ಚುಚ್ಚಪ್ಪ.”

ಬಾಗಿಲಲ್ಲಿ ಇಣುಕುತ್ತಿದ್ದ ಹೆಂಗಸರು ಮುಸಿಮುಸಿ ನಕ್ಕರು. ಆಮೇಲೆ ಒಬ್ಬೊಬ್ಬರೇ ಸಾಲಿನಲ್ಲಿ ನಿಂತರು. ಮಧ್ಯಾಹ್ನ ಮೂರರ ಹೊತ್ತಿಗೆ ಎಪ್ಪತ್ತೊಂದು ಜನ. ಎರ್ರಪ್ಪನೂ ಬಂದ. ಸೂಜಿ ಕಂಡು ಕಣ್ಣು ಮುಚ್ಚಿಕೊಂಡ.

ಬೆರಳ ತುದಿಯ ಒಂದು ಹನಿ ರಕ್ತ, ಇಪ್ಪತ್ತು ನಿಮಿಷದ ಕಾಯುವಿಕೆ. ಫಲಿತಾಂಶ ಹೇಳಲು ಹಿಂಬದಿಯಲ್ಲಿ ಸೊಪ್ಪು ಕೂಡಿಡುವ ಕೋಣೆ. ರಾಧಾಮಣಿ ಅಲ್ಲಿ ಕೂತಿದ್ದಳು. ಏನೂ ಇಲ್ಲದವರನ್ನೂ ಅವಳು ಲೆಕ್ಕ ಹಿಡಿದು ಐದು ನಿಮಿಷ ಕೂರಿಸಿಕೊಳ್ಳುತ್ತಿದ್ದಳು. ಮಳೆ, ಮಕ್ಕಳ ಸ್ಕೂಲು, ಟೊಮೆಟೊ ರೇಟು, ಏನಾದರೊಂದು ಮಾತು. ಐದು ನಿಮಿಷಕ್ಕೆ ಮುಂಚೆ ಯಾರೂ ಹೊರಬರದಿದ್ದರೆ, ತಡವಾಗಿ ಬಂದವರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ಒಬ್ಬರಿಗೆ ಮಾತ್ರ ಐದು ನಿಮಿಷ ಸಾಲಲಿಲ್ಲ. ಇದು ಮೊದಲ ಹಂತದ ಪರೀಕ್ಷೆ, ಆಸ್ಪತ್ರೆಯಲ್ಲಿ ಇನ್ನೊಮ್ಮೆ ಮಾಡಿಯೇ ಖಚಿತ ಹೇಳುತ್ತಾರೆ, ನಾನು ಜೊತೆಗೆ ಬರುತ್ತೇನೆ ಎಂದು ಅವಳು ಮೂರು ಸಲ ಹೇಳಬೇಕಾಯಿತು. ಆ ವ್ಯಕ್ತಿಗೆ ಅಳು ನಿಲ್ಲಲಿಲ್ಲ. ರಾಧಾಮಣಿ ಹಿಂದಿನ ಬಾಗಿಲು ತೆರೆದಳು.

ಬಾಗಿಲಿನಾಚೆ ಸೊಪ್ಪಿನ ತೋಟ. ತೋಟದ ಬಾಯಲ್ಲಿ, ಬೀದಿಗೂ ಕಾಲುದಾರಿಗೂ ಮಧ್ಯೆ, ಜಗನ್ ಬೆನ್ನು ಈ ಕಡೆ ಹಾಕಿ ಸೊಪ್ಪು ಕೊಯ್ಯುತ್ತಿದ್ದ. ಬೀದಿಯಿಂದ ಯಾರೋ ಈ ಕಡೆ ತಿರುಗಿದರೆ, “ಆ ಕಡೆಯಿಂದ ಬನ್ನಿ, ಇಲ್ಲಿ ಕೊಯ್ತಾ ಇದ್ದೀನಿ,” ಎಂದು ಕಳಿಸುತ್ತಿದ್ದ. ಕಾಲುದಾರಿಯಲ್ಲಿ ಒಬ್ಬರು ಕಣ್ಣೊರೆಸಿಕೊಂಡು ನಡೆದುಹೋದರು. ಹೆಜ್ಜೆ ಸಪ್ಪಳ ಅವನಿಗೆ ಕೇಳಿಸಿರಲೇಬೇಕು. ಅವನು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಮನೆಯಲ್ಲಿ ಒಂದೇ ಒಂದು ಹುಳ ಇಲ್ಲದ ದಿನ. ಬೆಳಿಗ್ಗೆಯಿಂದ ಅವನು ಕೊಯ್ದ ಸೊಪ್ಪು ಮೂರು ಹೊರೆ ಆಗಿತ್ತು.

ಸಂಜೆ ಎರ್ರಪ್ಪ ಅವನನ್ನು ಹಿಡಿದು ಕೇಳಿದ. “ಏನಪ್ಪ ಜಗ, ಯಾರ್ಗಾದ್ರೂ ಬಂತಾ?”

“ಎಲ್ಲರಿಗೂ ಬಂತಲ್ಲ ಮಾಮ, ಕಾಫಿ. ನಿಮಗೆ ಬರಲಿಲ್ವಾ?”

ಮೇಜು ಒರೆಸುತ್ತಿದ್ದ ರಾಧಾಮಣಿ ಅದನ್ನು ಕೇಳಿಸಿಕೊಂಡಳು. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ತಲೆ ಎತ್ತಿದರೆ ಮುಖದಲ್ಲಿರುವುದು ಅವನಿಗೆ ಕಾಣುತ್ತದೆ ಎಂಬ ಭಯವಿತ್ತು.

“ಮೂರು ಹೊರೆ ಸೊಪ್ಪು ಏನ್ಮಾಡ್ತೀರಾ?” ಎಂದು ಕೇಳಿದಳು, ಹೊರಡುವಾಗ.

“ಹಸು ತಿನ್ನುತ್ತೆ.”

“ಪಾಪ, ಹೊಟ್ಟೆ ಕೆಡುತ್ತೆ.”

“ನಿಮ್ಮ ಹೆಸರು ಹೇಳಿ ತಿನ್ನಿಸ್ತೀನಿ,” ಎಂದ ಜಗನ್.

*

ಒಂದು ವಾರದ ಮೇಲೆ, ಬಸ್ ಸ್ಟಾಪಿನ ಕಲ್ಲುಬೆಂಚಿನಲ್ಲಿ ಅವನು ಒಂದು ಮಡಚಿದ ಹಾಳೆ ಹಿಡಿದು ಕೂತಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಕೂದಲಲ್ಲಿ ಸೊಪ್ಪಿರಲಿಲ್ಲ, ಅದು ಅವಳಿಗೆ ಕೊರತೆಯಂತೆ ಕಂಡಿತು.

“ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ಜಿಲ್ಲಾ ಆಸ್ಪತ್ರೇಲಿ ಕೌನ್ಸೆಲರ್ ಮೇಡಂ ಹತ್ರ.”

ಕೂರಲು ಹೋದವಳು ನಿಂತುಬಿಟ್ಟಳು. “ನಿಮ್ಮ ರಿಪೋರ್ಟಲ್ಲಿ ಏನೂ ಇರಲಿಲ್ವಲ್ಲ?”

“ನನ್ನ ವಿಷಯಕ್ಕಲ್ಲ. ಯಾರ ಹೆಸರೂ ಹೇಳಲಿಲ್ಲ. ಸುಮ್ನೆ ತಿಳ್ಕೊಳೋಕೆ ಬಂದೆ ಅಂದೆ. ಹನ್ನೊಂದು ಪ್ರಶ್ನೆ ಬರ್ಕೊಂಡು ಹೋಗಿದ್ದೆ.” ಹಾಳೆ ಬಿಡಿಸಿದ. ಅಂಕಿ ಹಾಕಿ, ಒಂದರ ಕೆಳಗೊಂದು. “ಮಾತ್ರೆ ಸರಿಯಾಗಿ ತಗೊಂಡು, ರಕ್ತದಲ್ಲಿ ವೈರಸ್ ಎಣಿಕೆಗೆ ಸಿಗದಷ್ಟು ಕಡಿಮೆ ಆಗಿದ್ರೆ, ಗಂಡ ಹೆಂಡತಿ ಮಧ್ಯೆ ಅದು ಹರಡಲ್ಲ. ಹೌದಾ?”

“ಹೌದು. ಎಣಿಕೆ ಹಾಗೇ ಉಳಿದಿರಬೇಕು. ಆಗಾಗ ಟೆಸ್ಟ್ ಮಾಡಿಸ್ತಾ ಇರಬೇಕು. ನನ್ನದು ಐದು ವರ್ಷದಿಂದ ಹಾಗೇ ಇದೆ.”

“ಮಕ್ಕಳಿಗೆ?”

“ಚಿಕಿತ್ಸೆ ಸರಿಯಿದ್ರೆ ತಾಯಿಯಿಂದ ಮಗುವಿಗೆ ಹೋಗೋ ಸಾಧ್ಯತೆ ತುಂಬಾ ಕಡಿಮೆ. ಸೊನ್ನೆ ಅಂತ ನಾನು ಹೇಳಲ್ಲ.”

“ಅವರೂ ಇದನ್ನೇ ಹೇಳಿದ್ರು. ಹತ್ತಕ್ಕೂ ಉತ್ತರ ಸಿಕ್ತು.”

“ಹನ್ನೊಂದು ಅಂದ್ರಲ್ಲ.”

“ಹನ್ನೊಂದನೇದಕ್ಕೆ ಅವರು ನಕ್ಕುಬಿಟ್ರು. ಇದು ಆಸ್ಪತ್ರೇಲಿ ಕೇಳೋ ಪ್ರಶ್ನೆ ಅಲ್ಲ, ಆಯಮ್ಮನ್ನೇ ಕೇಳಿ ಅಂದ್ರು.”

ಅವನು ಹಾಳೆಯನ್ನು ಅವಳ ಕೈಗೆ ಕೊಟ್ಟ. ಹನ್ನೊಂದನೆಯ ಸಾಲು ಉಳಿದವಕ್ಕಿಂತ ಸಣ್ಣ ಅಕ್ಷರದಲ್ಲಿತ್ತು: ಅವರು ನನ್ನನ್ನು ಮದುವೆ ಆಗ್ತಾರಾ?

ರಾಧಾಮಣಿ ಅದನ್ನು ಬಹಳ ಹೊತ್ತು ಓದಿದಳು, ನಾಲ್ಕೇ ಪದಗಳಿದ್ದರೂ. ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತನಾಲ್ಕು. ಅದೇ ವರ್ಷ ತನ್ನ ರಿಪೋರ್ಟ್ ಕೈಗೆ ಬಂದಿತ್ತು. ಈಗ ಮೂವತ್ತೆರಡು. ನಡುವೆ ಒಬ್ಬ ಮದುವೆಯಾಗುತ್ತೇನೆ ಎಂದಿದ್ದ. ಅವನ ಮನೆಯಲ್ಲಿ ಅವಳು ನೀರು ಕುಡಿದ ಲೋಟವನ್ನು ಮರುದಿನ ಗುಜರಿಗೆ ಹಾಕಿದ್ದು ತಿಳಿದ ಮೇಲೆ ಅವಳೇ ಬೇಡ ಎಂದಿದ್ದಳು.

“ನಿಮ್ಮ ಅಮ್ಮನಿಗೆ ಗೊತ್ತಾ?”

“ನಿಮ್ಮ ವಿಷಯ ಅವತ್ತು ಡೈರೀಲೇ ಕೇಳಿದ್ದಾರೆ. ನನ್ನ ವಿಷಯ ನಿನ್ನೆ ಹೇಳಿದೆ.”

“ಏನಂದ್ರು?”

“ಚಾಕಿ ಹುಳ ನಾಳೆ ಬರುತ್ತೆ, ಮೊದಲು ತಟ್ಟೆ ತೊಳಿ ಅಂದ್ರು.” ಮರಿ ಹುಳಗಳನ್ನು ತಂದು ಹೊಸ ಬೆಳೆ ಶುರುಮಾಡುವ ದಿನ ಅದು.

ಅವಳು ಹಾಳೆಯನ್ನು ಮಡಚಿ ಬ್ಯಾಗಿನೊಳಗೆ ಇಟ್ಟಳು. “ಜಗನ್ ಅವರೇ, ಎರ್ರಪ್ಪನವರ ಮಾತು ನಂಗೂ ಗೊತ್ತು. ಈ ಬೆಳೆಗೆ ಏನಾದ್ರೂ ಆದ್ರೆ ಅದು ನನ್ನ ಹೆಸರಿಗೆ ಬರುತ್ತೆ. ನಿಮ್ಮ ಅಮ್ಮ ಬಾಯಿ ಬಿಟ್ಟು ಹೇಳದಿದ್ರೂ ಮನಸ್ಸಲ್ಲಿ ಉಳಿಯುತ್ತೆ. ಗೂಡು ಕಟ್ಟೋವರೆಗೂ ನಿಮ್ಮನೆ ಕಡೆ ಬರಲ್ಲ. ಆಮೇಲೂ ಅವರೇ ಕರೆದ್ರೆ ಬರ್ತೀನಿ. ನೀವು ಕರೆದ್ರೆ ಅಲ್ಲ.”

“ಅವರು ಕರೀದಿದ್ರೆ?”

ಬಸ್ಸು ಬಂತು. ಅವಳು ಹತ್ತಿ, ಕಿಟಕಿಯಿಂದ ಹೇಳಿದಳು: “ಈ ಹಾಳೆ ವಾಪಸ್ ಕೊಡಲ್ಲ.”

*

ಆಮೇಲಿನ ದಿನಗಳಿಗೆ ಅವಳಿಗೆ ಹುಳದ ವಯಸ್ಸೇ ಕ್ಯಾಲೆಂಡರ್ ಆಯಿತು. ಹುಳ ಪೊರೆ ಬಿಡುವ ಮುಂಚೆ ಮೇಯುವುದು ನಿಲ್ಲಿಸಿ ತಲೆ ಎತ್ತಿ ಸುಮ್ಮನಾಗುತ್ತದಂತೆ. ಇವರು ಅದಕ್ಕೆ ಜ್ವರ ಎನ್ನುತ್ತಾರೆ. ಮೂರನೇ ಜ್ವರ ಆಯ್ತು ಎಂದು ಅವನು ಫೋನಿಗೆ ಫೋಟೋ ಕಳಿಸಿದ. ಹುಳಗಳ ಪಕ್ಕ ಅವನ ಹೆಬ್ಬೆರಳೂ ಬಂದಿತ್ತು. ಅವಳು ಹುಳಕ್ಕಿಂತ ಹೆಬ್ಬೆರಳನ್ನು ಹೆಚ್ಚು ಹೊತ್ತು ನೋಡಿದಳು.

ಗುರುವಾರಗಳಲ್ಲಿ ಅವಳು ಡೈರಿಯಿಂದಲೇ ಹಿಂದಿರುಗುತ್ತಿದ್ದಳು. ಬಸ್ಸು ಸೊಪ್ಪಿನ ತೋಟ ದಾಟುವಾಗ ಹಸಿರಿನ ನಡುವಿನಿಂದ ಒಂದು ಟವೆಲ್ ಮೇಲೆದ್ದು ಇಳಿಯುತ್ತಿತ್ತು. ಕಂಡಕ್ಟರ್ ಒಮ್ಮೆ, “ಅದ್ಯಾರಮ್ಮಾ, ಗುರುವಾರ ಗುರುವಾರ ಕಾಗೆ ಓಡಿಸ್ತಾನೆ?” ಎಂದ. ಅವಳು ಟಿಕೆಟಿನ ಮೇಲಿನ ಅಂಕಿಗಳನ್ನು ಓದುತ್ತ ಕೂತಳು.

ಸಂಜೆ ಏಳೂವರೆಗೆ ಅವಳ ಮಾತ್ರೆಯ ಹೊತ್ತು. ಎಂಟು ವರ್ಷ ಅದನ್ನು ನೆನಪಿಸಿದ್ದು ಅಲಾರಂ. ಈಗ ಅಲಾರಮಿಗಿಂತ ಒಂದು ನಿಮಿಷ ಮುಂಚೆ ಮೆಸೇಜ್ ಬರುತ್ತಿತ್ತು.

ಮಾತ್ರೆ?

ಆಯ್ತು. ಸೊಪ್ಪು?

ಆಯ್ತು.

ಇಷ್ಟೇ. ಈ ಎರಡು ಸಾಲಿಗಾಗಿ ಅವಳು ಇಡೀ ದಿನ ಕಾಯುತ್ತಿದ್ದಳು. ಮೊದಲ ಮಾತ್ರೆಯನ್ನು ಕೈಗಿಟ್ಟು, “ಇದೊಂದು ಬಿಡ್ಬೇಡ, ಉಳಿದಿದ್ದೆಲ್ಲ ತಾನಾಗಿ ಬರುತ್ತೆ” ಎಂದಿದ್ದ ನರ್ಸ್ ನೆನಪಾದಳು. ಉಳಿದದ್ದು ಹೀಗೆ ಬರುತ್ತದೆ ಎಂದು ಆ ನರ್ಸಿಗೂ ಗೊತ್ತಿದ್ದಿರಲಾರದು. ಎಲ್ಲಿದ್ದಾಳೋ, ಚೆನ್ನಾಗಿರಲಿ ಎಂದು ರಾಧಾಮಣಿ ಮಾತ್ರೆ ನುಂಗುವಾಗಲೆಲ್ಲ ನೆನೆದಳು.

ಹುಳ ಬಂದ ಹದಿಮೂರನೇ ದಿನ ಮೆಸೇಜ್ ಬರಲಿಲ್ಲ. ಏಳು ಮುಕ್ಕಾಲಿಗೆ ಫೋನ್ ಬಂತು.

“ಒಂದು ತಟ್ಟೇಲಿ ಹಾಲಿನ ರೋಗ ಕಾಣಿಸ್ಕೊಂಡಿದೆ,” ಎಂದ. ಹುಳ ಊದಿಕೊಂಡು, ಮೈ ಒಡೆದು ಹಾಲಿನಂಥ ನೀರು ಸೋರುವ ರೋಗ. ಬೇಗ ಹರಡುತ್ತದೆ.

“ಎಷ್ಟು?”

“ಈಗ ಮೂವತ್ತು ನಲವತ್ತು. ಅಮ್ಮ ಆರಿಸಿ ಆರಿಸಿ ಸುಣ್ಣದ ಡಬ್ಬಿಗೆ ಹಾಕ್ತಾ ಇದ್ದಾರೆ. ಎರ್ರಪ್ಪ ಮಾಮ ಬಂದು ನಿಂತಿದ್ದಾರೆ, ನಾನು ಹೇಳಿರಲಿಲ್ವಾ ಅಂತ.”

“ಅಮ್ಮ ಏನಂದ್ರು?”

“ಏನೂ ಅನ್ನಲಿಲ್ಲ.”

ಆ ‘ಏನೂ ಅನ್ನಲಿಲ್ಲ’ ಅವಳ ಜೊತೆ ನಾಲ್ಕು ದಿನ ಇತ್ತು. ಚಿಂತಾಮಣಿಯಲ್ಲಿ ಮೀಟಿಂಗಿಗೆ ಹೋದಾಗ, ಅಂಬಾಜಿದುರ್ಗದ ಬುಡದ ಹಳ್ಳಿಗಳಲ್ಲಿ ಸುತ್ತಿದಾಗ, ಕರಪತ್ರ ಹಂಚುವಾಗ. ಹಾಲಿನ ರೋಗಕ್ಕೂ ಒಂದು ಹನಿ ರಕ್ತಕ್ಕೂ ಸಂಬಂಧವಿಲ್ಲವೆಂದು ಅವಳಿಗೆ ಗೊತ್ತಿತ್ತು. ರೇಷ್ಮೆ ಇಲಾಖೆಯವರಿಗೂ ಫೋನ್ ಮಾಡಿ ಕೇಳಿದ್ದಳು. ಆದರೆ ಅರವತ್ತೆರಡು ವರ್ಷದ ತಾಯಿಯ ಮನಸ್ಸಿಗೆ ಫೋನ್ ಮಾಡಿ ಕೇಳುವ ಹಾಗಿರಲಿಲ್ಲ.

*

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ.

“ಎಲ್ಲಿದ್ದೀಯಮ್ಮ?”

ವರಲಕ್ಷ್ಮಮ್ಮನ ದನಿ. ರಾಧಾಮಣಿ ಎದ್ದು ನಿಂತಳು. “ರೂಮಲ್ಲಿ ಅಮ್ಮ, ಶಿಡ್ಲಘಟ್ಟದಲ್ಲಿ.”

“ಹುಳ ಹಣ್ಣಾಗ್ಬಿಟ್ಟೈತೆ. ಎಲ್ಲಾ ಒಂದೇ ಸಲ. ಎತ್ತಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡೋಕೆ ಕೈ ಸಾಲ್ತಿಲ್ಲ. ಎಂಟು ಗಂಟೆ ಬಸ್ಸಿಗೆ ಬಾ.”

“ನಾನಾ?”

“ಯಾಕೆ, ನಿಂಗೆ ಕೈ ಇಲ್ವಾ?”

ಫೋನ್ ಕಟ್ಟಾಯಿತು. ಅವಳು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು.

ಎರ್ರಕುಂಟಪಲ್ಲಿಯಲ್ಲಿ ಇಳಿದು, ಹುಳದ ಮನೆಯವರೆಗೆ ನಡೆದು, ಬಾಗಿಲಿನ ಈಚೆಗೆ ನಿಂತಳು. ಮೂರು ತಿಂಗಳ ಹಿಂದೆ ನಿಂತಿದ್ದ ಅದೇ ಜಾಗ. ಜಗನ್ ಡಬ್ಬಿ ಹಿಡಿದು ಹೊರಗೆ ಬಂದ. ಮೂರು ದಿನದ ಗಡ್ಡ, ಕೆಂಪಾದ ಕಣ್ಣು, ಕೂದಲಲ್ಲಿ ಸೊಪ್ಪಿನ ಚೂರು. ಮಾತಾಡದೆ ಒಂದು ಹಿಡಿ ಪುಡಿ ತೆಗೆದು ಅವಳ ಪಾದದ ಮುಂದೆ ಉದುರಿಸಿದ.

“ಚಪ್ಪಲಿ ಅಲ್ಲಿ ಬಿಡಿ. ಕಾಲು ತೊಳ್ಕೊಂಡು, ಪುಡಿ ಮೇಲೆ ಕಾಲಿಟ್ಟು ಬನ್ನಿ.”

“ಇವತ್ತೂನಾ?”

“ಮನೆಯೋರಿಗೂ ಇದೇ ರೂಲು,” ಎಂದ, ಅವಳ ಕಣ್ಣನ್ನೇ ನೋಡುತ್ತ.

ಅವಳು ಬಿಳಿ ಗೆರೆಯ ಮೇಲೆ ಬಲಗಾಲಿಟ್ಟು, ಹೊಸಿಲು ದಾಟಿದಳು.

ಒಳಗೆ ಮಳೆ ಬಿದ್ದಂಥ ಸದ್ದು. ಹಣ್ಣಾಗದ ಕೆಲವು ಹುಳ ಇನ್ನೂ ಮೇಯುತ್ತಿದ್ದ ಸದ್ದು ಅದು. ಆಂಜಿನಮ್ಮ, ಅಕ್ಕಪಕ್ಕದ ಐದಾರು ಹೆಂಗಸರು, ಎಲ್ಲರ ಕೈಯೂ ತಟ್ಟೆಗಳ ಮೇಲೆ. ಒಂದು ಮೂಲೆಯ ತಟ್ಟೆ ಖಾಲಿಯಾಗಿ, ಸುಣ್ಣ ಹೊಡೆದು ನಿಲ್ಲಿಸಲಾಗಿತ್ತು. ಮೂರು ದಿನ ಆರಿಸಿ, ಉಳಿದವನ್ನು ಉಳಿಸಿಕೊಂಡಿದ್ದರು. ಎರ್ರಪ್ಪನೂ ನೆಲದ ಮೇಲೆ ಕೂತು ಹುಳ ಎತ್ತುತ್ತಿದ್ದ, ಮೀಸೆ ಸಮೇತ.

“ಬಂದ್ಯಾ,” ಎಂದರು ವರಲಕ್ಷ್ಮಮ್ಮ, ತಲೆ ಎತ್ತದೆ. “ಕೂತ್ಕೊ ಇಲ್ಲಿ.”

ರಾಧಾಮಣಿ ಅವರ ಪಕ್ಕ ಕೂತಳು. “ಅಮ್ಮ, ಆ ರೋಗ ನಮ್ಮ ಕ್ಯಾಂಪಿಂದ...”

“ಮೂವತ್ತೇಳು ವರ್ಷದಿಂದ ಹುಳ ಸಾಕ್ತಾ ಇದ್ದೀನಿ. ಹಾಲಿನ ರೋಗ ನೋಡದೇ ಇರೋಳಾ ನಾನು? ಬಿಸಿಲು ಜಾಸ್ತಿಯಾಗಿ ಸೊಪ್ಪು ಬಾಡಿತ್ತು, ಬಂತು.” ವರಲಕ್ಷ್ಮಮ್ಮ ಈಗ ಅವಳನ್ನು ನೋಡಿದರು. “ಒಂದಿನ ನಂಗೂ ಮನಸ್ಸಲ್ಲಿ ಬಂತು ಕಣಮ್ಮ, ಸುಳ್ಳು ಹೇಳಲ್ಲ. ಆಮೇಲೆ ಇವನು ಹೇಳ್ದ, ನೀನು ಬೇಕೂಂತ ಈ ಕಡೆ ಬರ್ತಿಲ್ಲ ಅಂತ. ನಮ್ಮ ಬೆಳೆಗೋಸ್ಕರ ನೀನು ದೂರ ನಿಂತ್ರೆ, ನಾನು ನಿನ್ನ ದೂರ ಇಡ್ಲಾ? ನೋಡು, ಹಣ್ಣಾಗಿರೋದು ಹೀಗಿರುತ್ತೆ. ಬೆಳಕು ಒಳಗೆ ಹೋದ ಹಾಗೆ.”

ಅವರು ಒಂದು ಹುಳವನ್ನು ಎತ್ತಿ ಅವಳ ಅಂಗೈ ಮೇಲಿಟ್ಟರು. ಅವರ ಬೆರಳುಗಳು ಅಲ್ಲೇ ಒಂದು ಕ್ಷಣ ನಿಂತವು. ಜೇನಿನ ಬಣ್ಣ, ತಣ್ಣನೆಯ ಮೈ, ಒಳಗಿನ ರೇಷ್ಮೆ ಹೊರಗೆ ಕಾಣುವಷ್ಟು ತಿಳಿ.

“ಅಮ್ಮ, ನಿಮಗೆ ಹೇಗೆ ಹೇಳ್ಬೇಕೋ...” ಎಂದು ಶುರುಮಾಡಿದಳು.

“ಅದನ್ನೆಲ್ಲ ಆಮೇಲೆ ಹೇಳುವೆಯಂತೆ. ಹುಳ ಕಾಯಲ್ಲ.” ಆಮೇಲೆ ದನಿ ಏರಿಸಿ, “ಎರ್ರಪ್ಪ, ಮೀಸೆ ಯಾವಾಗ?”

“ಗೂಡು ಮಾರ್ಕೆಟ್ಟಿಗೆ ಹೋಗ್ಲಿ ಅಕ್ಕಾ. ಈಗ್ಲೇ ಯಾಕೆ ಅರ್ಜೆಂಟು.”

ಮನೆಯೆಲ್ಲ ನಕ್ಕಿತು. ಚಂದ್ರಿಕೆ ಎಂದರೆ ಬಿದಿರಿನ ಚಾಪೆ, ಅದರ ಮೇಲೆ ಸುತ್ತಿ ಸುತ್ತಿ ಬಿಗಿದ ಬಿದಿರಿನ ಪಟ್ಟಿ. ಅದರ ಆಚೆ ಬದಿಯಲ್ಲಿ ಜಗನ್, ಈಚೆ ಬದಿಯಲ್ಲಿ ಅವಳು. ಇಬ್ಬರೂ ಹುಳ ಬಿಡುತ್ತಿದ್ದರು. ನಡುವೆ ಒಂದು ಮೊಳ ಅಂತರ.

“ಆ ಹಾಳೆ ನನ್ನ ಹತ್ರಾನೇ ಇದೆ,” ಎಂದಳು ಮೆಲ್ಲಗೆ.

“ಗೊತ್ತು.”

“ಹನ್ನೊಂದನೇದಕ್ಕೆ ಉತ್ತರ ಬೇಡ್ವಾ?”

ಅವನ ಕೈ ನಿಂತಿತು.

“ಹೂಂ,” ಎಂದಳು ರಾಧಾಮಣಿ.

ಅವನ ಬೆರಳಲ್ಲಿದ್ದ ಹುಳ ಜಾರಿ ಚಾಪೆಯ ಮೇಲೆ ಬಿತ್ತು.

“ಅವಳು ಹೂಂ ಅಂದಿದ್ದು ನಂಗೂ ಕೇಳಿಸ್ತು ಕಣೋ,” ಎಂದರು ವರಲಕ್ಷ್ಮಮ್ಮ ಹಿಂದಿನಿಂದ. “ಬಿದ್ದ ಹುಳ ಎತ್ತು.”

ಅವನು ಎತ್ತಿದ. ರಾಧಾಮಣಿ ತನ್ನ ಅಂಗೈಯಲ್ಲಿದ್ದ ಹುಳವನ್ನು ಬಿದಿರಿನ ಸುತ್ತಿನೊಳಗೆ ಇಳಿಸಿದಳು. ಅದು ತಲೆ ಎತ್ತಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಡಕಾಡಿತು. ಆಮೇಲೆ ಒಂದು ಜಾಗ ಹಿಡಿದು, ಕಣ್ಣಿಗೆ ಕಾಣದಷ್ಟು ಸಣ್ಣ ಮೊದಲ ಎಳೆಯನ್ನು ಬಿದಿರಿಗೆ ಅಂಟಿಸಿತು.